ಒಂದೇ ಮನೆ, ಒಬ್ಬರ ಪ್ರಾರ್ಥನೆ

ಭಾನುವಾರದ ಬಲಿಪೂಜೆಗೆ ಒಂಟಿಯಾಗಿ ಬರುವ ಪತ್ನಿಯನ್ನೋ ಪತಿಯನ್ನೋ ಕಂಡಾಗ, "ಅವರನ್ನು ಯಾವಾಗ ಕರೆತರುತ್ತೀರಿ?" ಎಂದು ಕೇಳಿಬಿಡುತ್ತೇವೆ. ಕೇಳದಿರುವುದೇ ಲೇಸು. ಬಾಳಸಂಗಾತಿ ಪ್ರೀತಿಸಲು ದೊರೆತವರೇ ಹೊರತು ತಿದ್ದಿ ಒಪ್ಪಿಸಬೇಕಾದ ಕೆಲಸವಲ್ಲ.

ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯವನ್ನು ಓದಿರಿ. ವಿಶ್ವಾಸವಿಲ್ಲದ ಸಂಗಾತಿ ಜೊತೆಯಲ್ಲಿ ಬಾಳಲು ಒಪ್ಪಿದರೆ ಬಿಡಬಾರದೆಂದು ಅವರು ಖಂಡಿತವಾಗಿ ಹೇಳುತ್ತಾರೆ. ಆದರೆ ಆ ಸಂಗಾತಿಯ ಉದ್ಧಾರ ನಿನ್ನಿಂದ ಆಗುವುದೋ ಎಂಬುದನ್ನು ಪ್ರಶ್ನೆಯಾಗಿಯೇ ಉಳಿಸುತ್ತಾರೆ.

ಫ್ರಾನ್ಸಿನ ಎಲಿಜಬೆತ್ ಲೆಸ್ಯೂರ್ 1889ರಲ್ಲಿ ವರಿಸಿದ ಫೆಲಿಕ್ಸ್ ದೇವರನ್ನು ನಂಬದವರು. ಪತ್ನಿಯ ವಿಶ್ವಾಸವನ್ನು ಕದಲಿಸಲು ಪುಸ್ತಕಗಳನ್ನೂ ಕೊಟ್ಟರು. ಆಕೆಯ ಭಕ್ತಿ ಕೆಲಕಾಲ ಸಡಿಲವಾದದ್ದೂ ಉಂಟು. ವಿಚಿತ್ರವೆಂದರೆ, ಅಂಥದೊಂದು ಪುಸ್ತಕದ ಟೊಳ್ಳುತನವೇ ಆಕೆಯನ್ನು ಮರಳಿ ಶುಭಸಂದೇಶದತ್ತ ತಿರುಗಿಸಿತು. ಬಳಿಕ ಆಕೆ ವಾದಕ್ಕಿಳಿಯಲಿಲ್ಲ. ಪತಿಯ ನಾಸ್ತಿಕ ಗೆಳೆಯರನ್ನು ನಗುಮುಖದಿಂದ ಸತ್ಕರಿಸಿದರು; ಏಕಾಂತದಲ್ಲಿ ದಿನಚರಿ ಬರೆದರು; ರೋಗದ ನೋವನ್ನು ಪತಿಗಾಗಿ ದೇವರಿಗೆ ಅರ್ಪಿಸಿದರು. 1914ರಲ್ಲಿ ಆಕೆ ತೀರಿಕೊಂಡಾಗ ಫೆಲಿಕ್ಸ್ ಇನ್ನೂ ಅವಿಶ್ವಾಸಿಯೇ. ಆ ದಿನಚರಿಯನ್ನು ಓದಿ ಮನ ಕರಗಿದ ಅವರು 1923ರಲ್ಲಿ ದೊಮಿನಿಕನ್ ಸಭೆಯ ಗುರುವಾದರು.

ಈ ಕಥೆಯ ಕೊನೆಯನ್ನಷ್ಟೇ ಹಿಡಿದು ಯಾರನ್ನೂ ಆತುರಪಡಿಸಬೇಡಿ. ಎಷ್ಟೋ ಮನೆಗಳಲ್ಲಿ ಅಂಥ ದಿನ ಬಾರದೆಯೇ ಹೋಗಬಹುದು. ಅಲ್ಲಿ ಸಲ್ಲಿಸಿದ ಪ್ರಾರ್ಥನೆ ಅದರಿಂದ ಕಿರಿದಾಗದು. ಹಾಗೆಂದು ಮನೆಯ ಶಾಂತಿಗಾಗಿ ಶಿಲುಬೆಯ ಗುರುತನ್ನು ಬಚ್ಚಿಡಬೇಕಿಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆ, ಮಕ್ಕಳ ದೀಕ್ಷಾಸ್ನಾನಕ್ಕಾಗಿ ಕೈಲಾದಷ್ಟು ಯತ್ನಿಸುವ ವಾಗ್ದಾನವನ್ನು ಕಥೋಲಿಕ ಸಂಗಾತಿಯಿಂದ ಮಾತ್ರ ಕೇಳುತ್ತದೆ. ಇನ್ನೊಬ್ಬರಿಗೆ ಅದನ್ನು ಮುಂಚಿತವಾಗಿ ತಿಳಿಸಬೇಕು ಎನ್ನುತ್ತದೆ, ಅಷ್ಟೆ.