ಸದ್ದಿಲ್ಲದ ಹೆಜ್ಜೆಯ ಹೊಣೆ

ಮಲಗಿದ ಮಗು ಏಳದಿರಲೆಂದು ತಾಯಿ ತುದಿಗಾಲಲ್ಲಿ ನಡೆಯುತ್ತಾಳೆ. ಮಲಗಿದ ಮನೆಯವರು ಏಳದಿರಲೆಂದು ಕಳ್ಳನೂ ಹಾಗೆಯೇ ನಡೆಯುತ್ತಾನೆ. ನಡೆ ಒಂದೇ, ಉದ್ದೇಶ ಬೇರೆ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಆದರೆ ಬೇಟೆಗಾರನನ್ನು ಇವರಿಬ್ಬರಲ್ಲಿ ಯಾರ ಪಕ್ಕದಲ್ಲಿ ನಿಲ್ಲಿಸಬೇಕು?

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಅಮೆರಿಕದಲ್ಲಿ ಹಾಗಲ್ಲ. ತೋಳಗಳು ಅಳಿದುಹೋದ ಪ್ರದೇಶಗಳಲ್ಲಿ ಬಿಳಿಬಾಲದ ಜಿಂಕೆಗಳು ಮಿತಿಮೀರಿ ಬೆಳೆಯುವುದರಿಂದ, ಋತುವನ್ನು ಗೊತ್ತುಮಾಡಿ ಪರವಾನಗಿ ಕೊಟ್ಟು ಬೇಟೆಗೆ ಬಿಡುತ್ತಾರೆ. ಬೇಟೆಗಾರ ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಕುಳಿತು ಕಾಯುತ್ತಾನೆ. ಕುಳಿತುಕೊಳ್ಳುವುದು ಕಷ್ಟವಲ್ಲ, ಜಿಂಕೆಗೆ ತಿಳಿಯದಂತೆ ಅಲ್ಲಿಗೆ ಹೋಗಿ ಸೇರುವುದೇ ಕಷ್ಟ.

ಇದರಲ್ಲಿ ಭೌತಶಾಸ್ತ್ರವೂ ಅಡಗಿದೆ. ಗಾಳಿಯಿಲ್ಲದ ರಾತ್ರಿ ತಣ್ಣಗಾದ ವಾಯು ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲೇರಿದ ಮೇಲೆ ಅದೇ ವಾಯು ಮೇಲಕ್ಕೇರುತ್ತದೆ. ಮನುಷ್ಯನ ವಾಸನೆಯೂ ಅದರೊಡನೆ ಹೋಗುತ್ತದೆ. ಆದ್ದರಿಂದ ಬೆಳಗಿನ ಜಾವ ಜಿಂಕೆಗಳು ಕೆಳಗಿನ ಹೊಲದಲ್ಲಿ ಮೇಯುತ್ತಿದ್ದರೆ ಮೇಲಿನ ದಾರಿಯಿಂದ ಬರಬಾರದು. ಗಾಳಿ ಮುಖಕ್ಕೆ ಬಡಿಯುವಂತೆ ನಡೆಯಬೇಕು. ಸಾಧ್ಯವಾದರೆ ಹೆಜ್ಜೆಯ ಸಪ್ಪಳವನ್ನು ನುಂಗುವ ತೊರೆಯ ಬದಿಯಲ್ಲೇ ಬರಬೇಕು. ದಾರಿಯ ತರಗೆಲೆಗಳನ್ನು ಮೊದಲೇ ಗುಡಿಸಿರಬೇಕು. ರಬ್ಬರಿನ ಬೂಟು ತೊಟ್ಟು, ಕೊಂಬೆರೆಂಬೆಗಳನ್ನು ಮುಟ್ಟದೆ, ನಾಲ್ಕು ಹೆಜ್ಜೆ ಇಟ್ಟು ನಿಲ್ಲಬೇಕು. ಒಂದು ಜಿಂಕೆಗೆ ಸಂಶಯ ಬಂದರೂ ಅದು ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ, ಮೂಗಿನಿಂದ ಬುಸುಗುಟ್ಟಿ, ಬಾಲದ ಬಿಳುಪನ್ನು ಬಾವುಟದಂತೆ ಎತ್ತಿ ಓಡುತ್ತದೆ. ಆ ದಿನದ ಬೇಟೆ ಅಲ್ಲಿಗೆ ಮುಗಿಯಿತು.

ಇದು ಮೋಸವೇ? ಬೇಟೆಗಾರ ಅಲ್ಲವೆನ್ನುತ್ತಾನೆ. ಬೆದರಿ ಓಡುವ ಜಿಂಕೆಗೆ ಗುಂಡು ಎಲ್ಲಿಯೋ ತಗುಲಿ, ಅದು ಗಂಟೆಗಟ್ಟಲೆ ನರಳಿ ಸಾಯುತ್ತದೆ. ನೆಮ್ಮದಿಯಿಂದ ನಿಂತದ್ದು ಭಯವನ್ನೇ ಅರಿಯದೆ ಕ್ಷಣಗಳಲ್ಲಿ ಸಾಯುತ್ತದೆ ಎಂಬುದು ಅವನ ವಾದ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊಲ್ಲುವುದೇ ಆದಲ್ಲಿ ಈ ಎಚ್ಚರಿಕೆಯಲ್ಲಿ ಒಂದು ಪಾಲು ಕರುಣೆಯೂ ಇದೆ.

ಆದರೆ ಈ ವಾದಕ್ಕೆ ಮಹಾಭಾರತದ ಆದಿಪರ್ವದಲ್ಲಿ ಒಂದು ಉತ್ತರವಿದೆ. ಜಿಂಕೆಯ ರೂಪದಲ್ಲಿ ಸಂಗಾತಿಯೊಡನಿದ್ದ ಕಿಂದಮ ಮುನಿಯನ್ನು ಪಾಂಡು ಬಾಣದಿಂದ ಹೊಡೆಯುತ್ತಾನೆ. ಎಚ್ಚರವಾಗಿರಲಿ, ಎಚ್ಚರದಪ್ಪಿರಲಿ, ಮೃಗವನ್ನು ಕೊಲ್ಲುವುದು ರಾಜರ ವಾಡಿಕೆ ಎಂದು ಸಮರ್ಥಿಸಿಕೊಳ್ಳುತ್ತಾನೆ. ಸಾಯುತ್ತಿರುವ ಮುನಿಯ ಆಕ್ಷೇಪ ಬೇಟೆಯ ಮೇಲಲ್ಲ. ಮೈಮರೆತಿದ್ದ ಆ ಗಳಿಗೆ ಕಳೆಯುವವರೆಗಾದರೂ ಕಾಯಬಾರದಾಗಿತ್ತೇ ಎಂಬುದಷ್ಟೇ. ಶಾಪ ಬಂದದ್ದು ಕೊಂದುದಕ್ಕಲ್ಲ, ಕಾಯದುದಕ್ಕೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಗಂಡು ಜಿಂಕೆಗಳು ಹೆಣ್ಣನ್ನು ಅರಸುತ್ತ ಎಚ್ಚರದಪ್ಪುವುದು ನವೆಂಬರಿನಲ್ಲಿ. ಅನೇಕ ಬೇಟೆಗಾರರಿಗೆ ಅದೇ ಅತ್ಯಂತ ಪ್ರಿಯವಾದ ಕಾಲವೆಂಬುದನ್ನು ಇಲ್ಲಿ ನೆನೆಯಬೇಕು.

ನಮಗೆ ತೋರುವುದಿಷ್ಟು. ಜಿಂಕೆಗಿರುವ ರಕ್ಷಣೆ ಅದರ ಮೂಗು, ಕಿವಿ, ಕಾಲು. ಅವನ್ನು ನಿಷ್ಫಲಗೊಳಿಸಿ ಹತ್ತಿರ ಬಂದವನ ಎದುರು ಅದಕ್ಕೆ ಉಳಿದಿರುವ ರಕ್ಷಣೆ ಒಂದೇ, ಅವನ ವಿವೇಕ. ಇನ್ನೊಬ್ಬರ ಎಚ್ಚರವನ್ನು ಕಸಿದುಕೊಂಡವನು ಅವರ ಪರವಾಗಿ ತಾನೇ ಎಚ್ಚರದಿಂದಿರಬೇಕು. ಗುರಿ ಖಚಿತವಿಲ್ಲದಿದ್ದರೆ, ಪಕ್ಕದಲ್ಲಿ ಮರಿ ಕಂಡರೆ, ಬಂದೂಕನ್ನು ಕೆಳಗಿಳಿಸುವ ಹೊಣೆ ಅವನದೇ.

ಈ ಮಾತು ಕಾಡಿಗೆ ಮಾತ್ರ ಸಲ್ಲುವುದಲ್ಲ. ರೋಗಿಗೆ ಪ್ರಜ್ಞೆ ತಪ್ಪಿಸಿದ ವೈದ್ಯನೂ, ಓದುಬಾರದವರಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ನೌಕರನೂ ಅಂಥದೇ ಅಟ್ಟಣೆಯ ಮೇಲೆ ಕುಳಿತಿರುತ್ತಾರೆ. ಎದುರಿನವರು ನಂಬಿ ನಿಶ್ಚಿಂತರಾಗಿದ್ದಾರೆ. ಹಾಗೆ ನಂಬಿ ನಿಂತವರ ಮುಂದೆ ನಾವು ಏನು ಮಾಡುತ್ತೇವೆ ಎಂಬುದರಿಂದಲೇ ನಮ್ಮ ಸದ್ದಿಲ್ಲದ ಹೆಜ್ಜೆ ತಾಯಿಯದೋ ಕಳ್ಳನದೋ ಎಂಬುದು ನಿರ್ಧಾರವಾಗಬೇಕು.