ತೆರಿಗೆಯ ರಿಯಾಯಿತಿಯು ಯಾರಿಗೆ ಸಲ್ಲತಕ್ಕದ್ದು?

ಅಮೇರಿಕ ದೇಶದಲ್ಲಿ ಅಧ್ಯಕ್ಷ ಬುಷ್ಷರ ಕಾಲದಲ್ಲಿ, 2001 ಮತ್ತು 2003ನೆಯ ಇಸವಿಗಳಲ್ಲಿ, ಆದಾಯ ತೆರಿಗೆಯನ್ನು ತಗ್ಗಿಸಿದರು. ಆ ರಿಯಾಯಿತಿಯ ವಾಯಿದೆಯು 2010ರ ಕೊನೆಗೆ ತೀರುವದಾಗಿತ್ತು. ಆಗಿನ ಅಧ್ಯಕ್ಷರಾದ ಒಬಾಮರು, ಕುಟುಂಬವೊಂದರ 2,50,000 ಡಾಲರಿಗೆ ಮೇಲ್ಪಟ್ಟ ಆದಾಯಕ್ಕೆ ಅದು ಇನ್ನು ಬೇಡ, ಉಳಿದದ್ದಕ್ಕೆ ಮುಂದುವರಿಯಲಿ ಅಂದರು. ರಿಪಬ್ಲಿಕನ್ ಪಕ್ಷದವರೋ, ಎಲ್ಲರಿಗೂ ಇರಲಿ, ಧನವಂತನ ಹಣದಿಂದಲೇ ಇತರರಿಗೆ ಕೆಲಸ ಹುಟ್ಟುತ್ತದೆ ಎಂದು ವಾದಿಸಿದರು. ಈ ಮಾತನ್ನು ಬರೇ ಲೋಭವೆಂದು ತಳ್ಳಿಬಿಡುವದು ನ್ಯಾಯವಲ್ಲ. ಆದರೂ ಹತ್ತರಲ್ಲೊಂದು ಪಾಲು ಇಬ್ಬರಿಗೂ ಒಂದೇ ಭಾರವಾಗಿರುವದೋ? ಹತ್ತು ಮುಡಿ ಅಕ್ಕಿಯಲ್ಲಿ ಒಂದನ್ನು ಕೊಟ್ಟವನ ಮಕ್ಕಳು ಮಳೆಗಾಲದಲ್ಲಿ ಹಸಿಯುವರು. ಸಾವಿರದಲ್ಲಿ ನೂರು ಕೊಟ್ಟವನ ಮನೆಯಲ್ಲಿ ಅದು ತಿಳಿಯುವದೇ ಇಲ್ಲ.

ಡಿಸೆಂಬರದಲ್ಲಿ ರಾಜಿಯಾಯಿತು: ಎರಡು ವರುಷ ಎಲ್ಲರಿಗೂ ರಿಯಾಯಿತಿ; ಅದರೊಂದಿಗೆ ಕೆಲಸವಿಲ್ಲದವರ ಸಹಾಯಧನವು 13 ತಿಂಗಳು ಮುಂದುವರಿಯುವದು. ಧನವಂತನಿಗೆ ಹಾಗೆ ಬಿಟ್ಟುಕೊಟ್ಟದ್ದು ತಪ್ಪೆಂದು ಅನೇಕರು ಸಿಟ್ಟುಗೊಂಡರು. ನಾನು ಆ ರಾಜಿಯಲ್ಲಿ ತಪ್ಪು ಕಾಣೆನು. ಯಾಕಂದರೆ ಕೆಲಸವಿಲ್ಲದವನ ಒಲೆಯು ಎರಡು ವರುಷ ಕಾಯಲಾರದು. ಆ ಒಲೆಯನ್ನೇ ಈಡಾಗಿ ಹಿಡಿದು ಚೌಕಾಶಿ ಮಾಡಿದ್ದರಲ್ಲಿ ತಪ್ಪುಂಟು. ಕಡೆಗೆ 2013ರ ಜನವರಿಯಲ್ಲಿ, ದಂಪತಿಗಳ 4,50,000 ಡಾಲರಿಗೆ ಮೇಲ್ಪಟ್ಟ ಆದಾಯದ ದರವನ್ನು ನೂರಕ್ಕೆ 35ರಿಂದ 39.6ಕ್ಕೆ ಏರಿಸಿದರು.