ಯಾರ ಮನೆ, ಯಾವ ಪಾಠ?

ಉಳ್ಳವರ ಮನೆಗಳಲ್ಲಿ ಈಗ ಒಂದು ಮಾತು ಕೇಳಿಬರುತ್ತಿದೆ. ಮಗುವನ್ನು ಶಾಲೆಗೆ ಕಳಿಸೋದಿಲ್ಲ, ಮನೆಯಲ್ಲೇ ಕಲಿಸ್ತೀವಿ ಅಂತ. ಶಾಲೆ ಬಾಯಿಪಾಠ ಮಾಡಿಸಿ ಮಕ್ಕಳ ಕುತೂಹಲವನ್ನು ಕೊಲ್ಲುತ್ತದೆ ಎಂಬುದು ಅವರ ದೂರು. ದೂರಿನಲ್ಲಿ ಸುಳ್ಳೇನಿಲ್ಲ. ಮನೆಯಲ್ಲಿ ಮಗು ತನ್ನ ನಡಿಗೆಯಲ್ಲಿ ಕಲಿಯುತ್ತದೆ, ಮುಂದೆ ಮುಕ್ತ ಶಾಲೆಯ ಪರೀಕ್ಷೆ ಕಟ್ಟಿ ಪಾಸಾಗಲೂಬಹುದು. ಆದರೆ ಗೆಳೆಯರೆ, ಹಟ್ಟಿಯ ಕಡೆಯಿಂದ ನೋಡಿದರೆ ಪ್ರಶ್ನೆಯೇ ಬೇರೆ.

ನಮ್ಮ ಮಕ್ಕಳು ತಲತಲಾಂತರದಿಂದ ಮನೆಯಲ್ಲೇ ಕಲಿತವು. ಚರ್ಮ ಹದ ಮಾಡೋದು, ತಮಟೆ ಕಾಯಿಸೋದು, ಗೌಡರ ಅಂಗಳದಲ್ಲಿ ಎಲ್ಲಿ ನಿಲ್ಲಬೇಕು ಅನ್ನೋದು. ಹದ ಮಾಡೋ ಕೈಗೆ ರಸಾಯನಶಾಸ್ತ್ರವೇ ಗೊತ್ತಿತ್ತು, ಅಲ್ಲ ಅನ್ನೋದಿಲ್ಲ. ಆದರೆ ಆ ಪಾಠವನ್ನು ಬಿಟ್ಟು ಬೇರೆಯದನ್ನು ಕಲಿಯುವ ಹಕ್ಕಿರಲಿಲ್ಲ. 1856ರಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಮುಂಬಯಿ ಸರಕಾರ ಒಲ್ಲೆ ಎಂದಿತು. ಒಬ್ಬನಿಗಾಗಿ ಮಿಕ್ಕವರೆಲ್ಲ ಶಾಲೆ ಬಿಟ್ಟಾರು ಎಂಬ ಭಯ ಅದಕ್ಕೆ.

1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿ ಮಕ್ಕಳ ಶಾಲೆಯ ಹೊತ್ತನ್ನು ದಿನಕ್ಕೆ 3 ಗಂಟೆಗೆ ಇಳಿಸಿ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಅಂದರು. ದಕ್ಷಿಣ ಕನ್ನಡವೂ ಆಗ ಆ ರಾಜ್ಯದಲ್ಲೇ ಇತ್ತು. ಕೇಳೋಕೆ ಚೆಂದ! ಅಗಸರ ಮಗ ಹೊಳೆಗೆ, ಪುರೋಹಿತರ ಮಗ ಮಂತ್ರಕ್ಕೆ. ಇದು ಕುಲದ ಶಿಕ್ಷಣ ಅಂತ ಪೆರಿಯಾರ್ ಬೀದಿಗಿಳಿದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜರು ಬಂದು ಯೋಜನೆಯನ್ನೇ ಕೈಬಿಟ್ಟರು.

ಹಾಗಂತ ಶಾಲೆ ದೇವಸ್ಥಾನವಾ? ದೇವಸ್ಥಾನದ ಹಾಗೇ ಅದೂ ನಮ್ಮನ್ನು ದೂರ ಇಟ್ಟಿದ್ದುಂಟು. ಬಾಲಕ ಅಂಬೇಡ್ಕರ್ ಮನೆಯಿಂದ ಗೋಣಿತಟ್ಟು ಒಯ್ದು ಮೂಲೆಯಲ್ಲಿ ಕೂತರು. ಜವಾನ ಬಾರದ ದಿನ ಕುಡಿಯೋಕೆ ನೀರಿಲ್ಲ. ಹಳೇ ಕತೆ ಅನ್ನಬೇಡಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದರು. ಇಂಥ ಶಾಲೆಯಿಂದ ಮಗನನ್ನು ಬಿಡಿಸಿ ತರುವ ತಾಯಿಗೆ 'ಕಳಿಸವ್ವ' ಅನ್ನೋಕೆ ಯಾವ ಬಾಯಿ ಬರುತ್ತೆ?

ಆದರೂ ಅವಳ ಮನೆಯಲ್ಲಿ ಕಲಿಸೋರು ಯಾರು? ನಸುಕಿಗೇ ಕೂಲಿಗೆ ಹೋಗೋಳು ಅವಳು. 2020ರಲ್ಲಿ ಶಾಲೆ ಮುಚ್ಚಿದಾಗ ಕಂಡೆವಲ್ಲ, ಫೋನಿದ್ದ ಮನೆಯ ಮಗು ಪಾಠ ಕೇಳಿತು, ಇಲ್ಲದ ಮನೆಯದು ದನದ ಹಿಂದೆ ಹೋಯಿತು. 'ವಿದ್ಯಾಗಮ' ಅಂತ ಮೇಷ್ಟ್ರುಗಳೇ ಕೇರಿಗೆ ಬಂದರು, ಒಳ್ಳೇ ಕೆಲಸವೇ. ಅಕ್ಟೋಬರಿಗೆ ಅದೂ ನಿಂತಿತು.

ಉಳ್ಳವರ ಮಗು ಮನೆಯಲ್ಲಿ ಗಣಿತ ಕಲಿಯುತ್ತೆ, ಸಂಗೀತ ಕಲಿಯುತ್ತೆ. ನಮ್ಮ ಮಗುವಿನ ಪಕ್ಕ ಕೂತು ಬಿಸಿಯೂಟ ಉಣ್ಣೋದನ್ನ ಮಾತ್ರ ಅಲ್ಲಿ ಯಾರೂ ಕಲಿಸಲಾರರು. ಇನ್ನು ಮಗನನ್ನು ಬಿಡಿಸಿ ತಂದ ಆ ತಾಯಿಗೆ ಬುದ್ಧಿ ಹೇಳೋದು ಬೇಡ. ನಾಳೆ ಅವಳ ಮಗನ ಜೊತೆ ನಾವು ನಾಲ್ಕು ಜನ ಶಾಲೆಯ ಬಾಗಿಲ ತನಕ ಹೋಗೋಣ, ಹೆಡ್‌ಮಾಸ್ಟರರನ್ನು ಮಾತಾಡಿಸೋಣ.